ಪರದೆಯ ಮೇಲಿನ ನೀಲವ್ವ

ಮೊದಲ ಸಲ ಮನೆ ಬಾಗಿಲಿಗೆ ಬಂದ ಮಿಥುನನನ್ನು ಅನುಸೂಯಾ ಒಳಗೆ ಕರೆಯಲೇ ಇಲ್ಲ!

"ಮಾಸ್ತರ ಕಥಿ ಕಾರ್ಟೂನ್ ಮಾಡವ್ರು ನೀವೇನ್ರಿ?" ಎಂದು, ಹಣೆಗೆ ಬಿದ್ದ ಕೂದಲನ್ನು ಉಫ್ ಎಂದು ಊದಿದಳು. ಮೂರು ಹೆಜ್ಜೆ ಒಳಗೆ ಹೋದವಳು ತಿರುಗಿ ನಿಂತಳು. "ಕಥಿ ಕೆಡಿಸಿದ್ರಂದ್ರ ನಾ ಸುಮ್ನಿರಂಗಿಲ್ಲ, ನೋಡ್ರಿ ಮತ್ತ."

ಮೈಸೂರಿನ ಹುಡುಗ ಕಿವಿ ಕೆರೆದುಕೊಂಡು ನಕ್ಕ. ಆ ನಗುವಿಗೆ ಎದೆ ಯಾಕೆ ಅಷ್ಟು ಜೋರಾಗಿ ಹೊಡೆದುಕೊಂಡಿತೋ... ಅವಳಿಗಂತೂ ತಿಳಿಯಲಿಲ್ಲ. ನಮಗೆ ತಿಳಿಯದಿದ್ದೀತೇ?

ಕಾಂತಪ್ಪ ಮಾಸ್ತರು ಮರಾಠಿ ನಾಡಿನ ಯೆರವಡಾದಲ್ಲಿ ಕಟ್ಟಡ ಕೆಲಸದವರ ಮಕ್ಕಳಿಗೆ ಕನ್ನಡ ಕಲಿಸುತ್ತ, ನೀಲವ್ವ ಎಂಬ ಎಮ್ಮೆಯ ಕಥೆಗಳನ್ನು ಬರೆದವರು. ಕಣ್ಣು ಮಂಜಾದ ಮೇಲೆ ಅವರು ಹೇಳುತ್ತಿದ್ದರು, ಹಳೆಯ ವಿದ್ಯಾರ್ಥಿನಿ ಅನುಸೂಯಾ ಬರೆದುಕೊಳ್ಳುತ್ತಿದ್ದಳು. ತೀರಿಕೊಳ್ಳುವ ಮುನ್ನ ಕಥೆಗಳನ್ನೆಲ್ಲ ಅವಳ ಕೈಗೇ ಒಪ್ಪಿಸಿದ್ದರು.

ಅವುಗಳಲ್ಲಿ ಎರಡನ್ನು ಮಿಥುನ ಪುಟ್ಟ ಸಿನಿಮಾ ಮಾಡತೊಡಗಿದ. ಬಾಗಿಲಲ್ಲಿ ನಿಂತಿದ್ದವನು ತಿಂಗಳೊಪ್ಪತ್ತಿನಲ್ಲಿ ಅಡುಗೆಮನೆಯಲ್ಲೇ ಕುಳಿತು ಅವಳ ಅವ್ವ ಅಂಬಾಬಾಯಿಯ ರೊಟ್ಟಿ ತಿನ್ನುವಷ್ಟು ಹತ್ತಿರದವನಾದ.

ಇವತ್ತು ಮಾಸ್ತರರ ಮೊದಲ ಪುಣ್ಯತಿಥಿ. ಎರಡೂ ಸಿನಿಮಾಗಳ ಮೊದಲ ಪ್ರದರ್ಶನ. ಅದೇ ಊರಿನ ಧನಕವಡಿಯ ಸಭಾಂಗಣ ಕಿಕ್ಕಿರಿದಿತ್ತು.

ಪರದೆಯ ಮೇಲೆ ನೀಲವ್ವ ಬಂದಳು. ಹಣೆಯ ಜುಟ್ಟನ್ನು ಉಫ್ ಎಂದು ಊದಿದಳು. ಮೂರು ಹೆಜ್ಜೆ ನಡೆದು, ತಿರುಗಿ ನಿಂತು ಹುಲಿಯನ್ನೇ ಗದರಿಸಿದಳು.

ಜನ ಬಿದ್ದು ಬಿದ್ದು ನಕ್ಕರು. "ಏ ಅನು, ಥೇಟ್ ನಿನ್ನಂಗೇ ಅದ ನೋಡು," ಎಂದು ಅಂಬಾಬಾಯಿ ಮಗಳ ತೋಳು ತಿವಿದರು.

ಅನುಸೂಯಾಳಿಗೆ ನಗು ಬರಲಿಲ್ಲ. ಮೂರನೇ ತರಗತಿಯಲ್ಲಿ ಹುಡುಗಿಯರೆಲ್ಲ ತನ್ನನ್ನು 'ಎಮ್ಮಿ' ಎಂದು ಕರೆದು ಅಳಿಸಿದ್ದರು. ಮರುದಿನವೇ ಮಾಸ್ತರು ನೀಲವ್ವನ ಮೊದಲ ಕಥೆ ಬರೆದು ತಂದಿದ್ದರು. ಹುಡುಗಿಯರಿಟ್ಟ ಆ ಅಡ್ಡಹೆಸರನ್ನು ಅವಳು ಯಾರಿಗೂ ಹೇಳಿರಲಿಲ್ಲ.

'ಇವನಿಗೆ ಹೇಗೆ ಗೊತ್ತಾಯಿತು? ಪ್ರೀತಿ ಎಂದುಕೊಂಡಿದ್ದೆನಲ್ಲ... ಊರ ಮುಂದೆ ಎಮ್ಮೆ ಮಾಡಿಬಿಟ್ಟನಲ್ಲ...'

ಎದ್ದು ಹೊರಗೆ ಬಂದಳು. ಮಿಥುನ ಹಿಂದೆಯೇ ಓಡಿಬಂದ.

"ಸಾಲಿಯೊಳಗ ನನಗ ಎಮ್ಮಿ ಅಂತಿದ್ರಂತ ಯಾರ್ ಹೇಳ್ಯಾರ್ರಿ ನಿಮಗ?"

ಅವನ ಮುಖ ಬಿಳಿಚಿಕೊಂಡಿತು. "ನಿಮ್ಗಾ? ನಂಗೆ ಯಾರೂ ಹೇಳಿಲ್ಲ ಅನುಸೂಯಾ, ನಿಜವಾಗ್ಲೂ..."

"ಮತ್ತ ನೀಲವ್ವನೊಳಗ ನನ್ನೇ ಯಾಕ ತೆಗದ್ರಿ?"

"ನಾವು ಕಾರ್ಟೂನ್ ಮಾಡೋರು ಟೇಬಲ್ ಮೇಲೆ ಕನ್ನಡಿ ಇಟ್ಕೊಂಡು, ನಮ್ಮ ಮುಖಾನೇ ನೋಡ್ಕೊಂಡು ಪ್ರಾಣಿಗಳನ್ನ ಬಿಡಿಸೋದು. ಸಿನಿಮಾದಲ್ಲಿ ಒಂದು ಪೆದ್ದ ಕತ್ತೆ ಇದೆಯಲ್ಲ, ಅದು ನಾನೇ. ಆದ್ರೆ ನೀಲವ್ವಂಗೆ ನನ್ನ ಮುಖ ಹೊಂದಲಿಲ್ಲ. ಎಲ್ಲರನ್ನೂ ಬೈದು, ಆಮೇಲೆ ಅವರಿಗೋಸ್ಕರ ಹುಲಿ ಮುಂದೆ ಹೋಗಿ ನಿಲ್ಲೋಳು... ಕಥೆ ಓದಿದಾಗೆಲ್ಲ ನೀವೇ ಕಣ್ಮುಂದೆ ಬರ್ತಿದ್ರಿ. ಕೇಳದೆ ಮಾಡಿದ್ದು ತಪ್ಪು. ಬೇಡ ಅಂದ್ರೆ ಎಲ್ಲಾ ಹೊಸದಾಗಿ ಬಿಡಿಸ್ತೀನಿ."

ಅಳುವ ಹುಡುಗಿಯನ್ನು ಸಮಾಧಾನ ಮಾಡಲೆಂದೇ ಮಾಸ್ತರು ಆ ಕಥೆ ಬರೆದರೆಂದು ಇಷ್ಟು ವರ್ಷ ಅನುಸೂಯಾ ನಂಬಿದ್ದಳು. ಏನೂ ಗೊತ್ತಿಲ್ಲದ ಇವನು ಅದೇ ಕಥೆ ಓದಿ ಅವಳನ್ನೇ ಕಂಡಿದ್ದ. ಹಾಗಾದರೆ ಮಾಸ್ತರು ನಿಜವಾಗಿಯೂ ತನ್ನನ್ನು ಹುಲಿಗೂ ಹೆದರದವಳೆಂದೇ ಕಂಡಿದ್ದರು! ಕಣ್ಣು ತುಂಬಿ ಬಂತು.

ಒಳಗೆ ಚಪ್ಪಾಳೆ ಎದ್ದಿತು.

"ಕೇಳಿಸ್ತಾ? ನೀಲವ್ವಂಗೆ," ಎಂದ ಮಿಥುನ ಮೆಲ್ಲಗೆ.

"ಆಕಿ ಹಂಗೇ ಇರಲಿ ಬಿಡ್ರಿ... ಆದ್ರ ಎಲ್ಲಾ ಮಂದಿಗಿ ತೋರ್ಸೂಕಿಂತ ಮದ್ಲ ನನಗ ಹೇಳ್ಬೇಕಿಲ್ಲೇನು?"

"ಹೇಳೋಕೆ ಧೈರ್ಯ ಇರಲಿಲ್ಲ. ಬಿಡಿಸೋಕೆ ಬರತ್ತೆ, ಬಿಡಿಸಿದೆ."

"ಈಗ ಹೇಳ್ರಿ. ಬಾಯಿಬಿಟ್ಟು."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ನೀವಂದ್ರೆ ನಂಗೆ ಪ್ರಾಣ, ಅನುಸೂಯಾ."

"ನಿಮ್ ಮ್ಯಾಲ ನನಗೂ ಭಾಳ ಜೀವ ಅದರಿ," ಎಂದು ಅವಳು ಅವನ ಕೈ ಹಿಡಿದುಕೊಂಡಳು. "ಇನ್ನೊಮ್ಮಿ ಹೇಳ್ರಿ."