ಕಾರಿನಡಿಯ ಮುಕ್ಕಾಲು ಗೇಣು

ಹೆಣ ಇಳಿಜಾರು ರಸ್ತೆಯ ಮೇಲೆ ಅಂಗಾತ ಬಿದ್ದಿತ್ತು. ಎದೆಯ ಮೇಲೆ ಚಕ್ರದ ಅಚ್ಚು. ಇಪ್ಪತ್ತು ಅಡಿ ಕೆಳಗೆ, ರಸ್ತೆ ಬದಿಯ ಮಣ್ಣಿನ ದರೆಗೆ ಮೂತಿ ಒತ್ತಿಕೊಂಡು ಕರಿಯ ಅಮೆರಿಕನ್ ಕಾರು ನಿಂತಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಬಂಟ್ವಾಳದ ಸಬ್ ಇನ್‌ಸ್ಪೆಕ್ಟರ್ ಲೋಕನಾಥ ಬಗ್ಗಿ ಮುಖ ನೋಡಿದ. ಮೂಡಬಿದಿರೆಯ ಭುಜಬಲಿ ಬಲ್ಲಾಳರು! ‘ಸೇಸಮ್ಮನ ಸಾವಿನ ವಿಷಯ ಮಾತಾಡಲಿಕ್ಕುಂಟು, ನಾಳೆ ಠಾಣೆಗೆ ಬರುತ್ತೇನೆ’ ಎಂದು ನಿನ್ನೆಯಷ್ಟೇ ಚೀಟಿ ಕಳಿಸಿದ್ದವರು. ಸೊಪ್ಪು ಮಾರುವ ಸೇಸಮ್ಮನನ್ನು ಹೋದ ತಿಂಗಳು, ಅಂದರೆ ೧೯೬೧ರ ಜನವರಿಯಲ್ಲಿ, ವಾಮದಪದವಿನ ದಾರಿಯಲ್ಲಿ ಯಾವುದೋ ಗಾಡಿ ಅರೆದು ಹೋಗಿತ್ತು. ಗಾಡಿ ಇನ್ನೂ ಸಿಕ್ಕಿರಲಿಲ್ಲ.

ಕಾನ್‌ಸ್ಟೇಬಲ್ ರುಕ್ಮಯ್ಯ ಡ್ರೈವರ್ ಉಮ್ಮರನ ರಟ್ಟೆ ಹಿಡಿದಿದ್ದ.

“ರೇಡಿಯೇಟರಿಗೆ ನೀರು ತರ್ಲಿಕ್ಕೆ ತೋಡಿಗೆ ಇಳಿದಿದ್ದೆ ಸಾರ್. ಬ್ರೇಕ್ ಎಳೆದಿದ್ದೆ. ಚಕ್ರಕ್ಕೆ ಕಲ್ಲೂ ಕೊಟ್ಟಿದ್ದೆ. ಬರುವಾಗ ಧಣಿ ಹೀಗೆ...”

“ಸುಳ್ಳು!” ಬಲ್ಲಾಳರ ಸೋದರಳಿಯ ಸನತ್‌ಕುಮಾರ ಮುಂದೆ ಬಂದ. ಊರಲ್ಲಿ ಜೀಪು ಓಡಿಸಿಕೊಂಡಿದ್ದ ಅವನು ಇವತ್ತು ಮಾವನ ಜೊತೆ ಕಾರಿನಲ್ಲಿ ಬಂದಿದ್ದ. “ಎಣ್ಣೆ ಸೋರ್ತದೆ ಅಂತ ಮಾವ ಕಾರಿನ ಅಡಿಗೆ ನುಗ್ಗಿದರು. ಎದೆಯವರೆಗೆ ಒಳಗಿದ್ದರು. ಆಗ ಕಾರು ಜಾರಿತು. ನಾನು ಕಣ್ಣಾರೆ ಕಂಡದ್ದು.”

“ಜಾಕ್ ಕೊಟ್ಟಿದ್ರಾ?” ಲೋಕನಾಥ ಕೇಳಿದ.

“ಇಲ್ಲ. ಹಾಗೆಯೇ ನುಗ್ಗಿದ್ದು.”

ರುಕ್ಮಯ್ಯ ಕಾರಿನೊಳಗೆ ಇಣುಕಿದ. “ಹ್ಯಾಂಡ್‌ಬ್ರೇಕ್ ಬಿಟ್ಟೇ ಉಂಟು ಸಾರ್. ಇವನಿಗೆ ಕೋಳ ಹಾಕುವನಾ?”

“ಎಳೆದಿದ್ದೆ ಸಾರ್,” ಎಂದ ಉಮ್ಮರ್.

* * *

ಕಾರು ಮೊದಲು ನಿಂತಿದ್ದ ಜಾಗದಲ್ಲಿ ಒಂದು ಹನಿ ಎಣ್ಣೆಯೂ ಬಿದ್ದಿರಲಿಲ್ಲ. ಚರಂಡಿಯಲ್ಲಿ ಎರಡು ಕೆಂಪು ಮುರಕಲ್ಲು. ಒಂದರಲ್ಲಿ ಟಯರಿನ ಕಪ್ಪು ಗೀರು. ಇನ್ನೊಂದರಲ್ಲಿ ರಕ್ತ, ಅಂಟಿದ ನರೆಗೂದಲು. ಲೋಕನಾಥ ಕಾರಿನ ಕಡೆ ತಿರುಗಿ ನೋಡಿದ.

“ಉಮ್ಮರ್, ಈ ಕಾರು ಇಂಥ ರಸ್ತೆಯಲ್ಲಿ ಹೇಗೆ?”

“ಇದರ ಹೊಟ್ಟೆ ನೆಲಕ್ಕೆ ತಾಗಿಕೊಂಡೇ ಹೋಗುದು ಸಾರ್. ದಿಬ್ಬ ಬಂದ್ರೆ ಧಣಿ ಇಳಿದು ನಡೀತಿದ್ರು.”

ಲೋಕನಾಥ ಮೊಣಕಾಲೂರಿ ನೆಲದಿಂದ ಕಾರಿನ ಅಂಚಿಗೆ ಗೇಣು ಹಾಕಿದ. ಮುಕ್ಕಾಲು ಗೇಣು. ಎದ್ದು ಸನತ್‌ಕುಮಾರನ ಕಡೆ ತಿರುಗಿದ.

“ಮಾವ ಹೇಗೆ ನುಗ್ಗಿದರು? ಒಮ್ಮೆ ತೋರಿಸಿ.”

ಸನತ್‌ಕುಮಾರ ನಕ್ಕು ಮಲಗಿದ. ತಲೆಯನ್ನು ಓರೆ ಮಾಡಿ ತುರುಕಿದ. ಕೆನ್ನೆ ತರಚಿತು. ಭುಜ ಅಂಚಿಗೆ ಸಿಕ್ಕಿಕೊಂಡಿತು.

“ಇನ್ನೂ ಒಳಗೆ. ಎದೆಯವರೆಗೆ.”

ಅವನು ಉಸಿರು ಬಿಗಿಹಿಡಿದು ಒದ್ದಾಡಿದ. ಒಂದಂಗುಲವೂ ಸರಿಯಲಿಲ್ಲ. ನಗು ಯಾವಾಗಲೋ ಆರಿತ್ತು.

“ನೀವು ಸಪೂರ ಆಳು. ನಿಮಗೇ ಆಗುದಿಲ್ಲ. ಬಲ್ಲಾಳರದ್ದು ದೊಡ್ಡ ಮೈ. ನೀವು ಓಡಿಸುದು ಜೀಪು ಅಲ್ವಾ? ಅದರ ಅಡಿಗೆ ಯಾರು ಬೇಕಾದರೂ ನುಗ್ಗಬಹುದು. ಅದೇ ಅಂದಾಜಿನಲ್ಲಿ ಕಥೆ ಕಟ್ಟಿದಿರಿ. ಉಮ್ಮರ್ ನೀರಿಗೆ ಹೋದಾಗ ಮಾವನ ತಲೆಗೆ ಕಲ್ಲಿನಿಂದ ಹೊಡೆದಿರಿ. ಚಕ್ರದ ಮುಂದೆ ಮಲಗಿಸಿ, ಕಲ್ಲು ತೆಗೆದು, ಬ್ರೇಕ್ ಬಿಟ್ಟಿರಿ.” ಲೋಕನಾಥನ ದನಿ ತಗ್ಗಿತು. “ಸೇಸಮ್ಮನನ್ನು ಅರೆದದ್ದೂ ಆ ಜೀಪೇ ಅಲ್ವಾ?”

ಮಲಗಿದ್ದಲ್ಲಿಂದಲೇ ಉತ್ತರ ಬಂತು. “ಠಾಣೆಗೆ ನಡಿ, ನಿಜ ಹೇಳು ಅಂದರು ಮಾವ. ಮುಖ ನೋಡ್ಲಿಕ್ಕೆ ಬರುವವರೂ ಇರುದಿಲ್ಲ, ಜೈಲಿನಲ್ಲೇ ಸಾಯ್ತೇನೆ ಅಂತ ಕಾಲು ಹಿಡಿದೆ. ಕೇಳ್ಲಿಲ್ಲ.”

ರುಕ್ಮಯ್ಯ ಕಾಲು ಹಿಡಿದು ಅವನನ್ನು ಹೊರಗೆಳೆದ.

* * *

ಹೆಣ ಒಯ್ಯಲು ಬಂಟ್ವಾಳದಿಂದ ಲಾರಿ ಬಂತು.

“ನೀನಿನ್ನು ಮನೆಗೆ ಹೋಗು ಉಮ್ಮರ್,” ಎಂದ ಲೋಕನಾಥ.

ಉಮ್ಮರ್ ಅಡ್ಡಡ್ಡ ತಲೆಯಾಡಿಸಿದ. “ಹನ್ನೆರಡು ವರ್ಷದಲ್ಲಿ ಧಣಿಯನ್ನು ಒಬ್ಬರನ್ನೇ ಎಲ್ಲಿಗೂ ಕಳಿಸ್ಲಿಲ್ಲ ಸಾರ್.”

ಅವನು ಲಾರಿ ಹತ್ತಿ, ಹೆಣದ ಪಕ್ಕದಲ್ಲಿ ಕೂತು, ಹೊದಿಸಿದ ಬಟ್ಟೆ ಗಾಳಿಗೆ ಹಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ.