ಕಾಶಿನಾಥನ ಖಾಲಿ ಜಾಗ

"ಆ ಜಾಗಾ ಬಿಡಪ್ಪಾ, ಅದು ನನ್ನ ಮಗ ಕಾಶಿನಾಥಂದು," ಎಂದಳು ಚಹಾ ಮಾರುವ ಶಂಕ್ರಮ್ಮ. "ಅಲ್ಲಿ ಮಾಟ ಹುಗಿಸೀನಿ. ರೇಸಿನ್ಯಾಗ ಅವನ್ನ ಒದ್ದು ಕೆಡವಿದಾಂವ ಯಾರಂತ ನನಗ ಗೊತ್ತಿಲ್ಲ. ಮಾಟಕ್ಕ ಗೊತ್ತೈತಿ."

ಸಾಯಿಕುಮಾರ ನಕ್ಕ. "ಪೊಲೀಸರಿಗೆ ಸಿಗದಾಂವ ನಿನ್ನ ನಿಂಬಿಹಣ್ಣಿಗೆ ಸಿಗ್ತಾನೇನವ್ವಾ?"

ಹೈದರಾಬಾದಿನ ಗಚ್ಚಿಬೌಲಿಯ ಆಚೆ, ಹೊಸ ಕಂಪನಿಗಳಿಗಾಗಿ ಹಾಕಿ ಇನ್ನೂ ಸಂಚಾರಕ್ಕೆ ಬಿಡದ ರಸ್ತೆಯಲ್ಲಿ, ಭಾನುವಾರ ಬೆಳಗ್ಗೆ ಹುಡುಗರು ಬೈಕ್ ರೇಸ್ ನಡೆಸುತ್ತಿದ್ದರು. ಒಂದೇ ಸುತ್ತು, ಹೊರಟಲ್ಲೇ ಮುಗಿಯುತ್ತಿತ್ತು. ಬಿದ್ದು ಸತ್ತವನನ್ನು ಅವರು ಸತ್ತನೆನ್ನುತ್ತಿರಲಿಲ್ಲ, ಊರಿಗೆ ಹೋದ ಎನ್ನುತ್ತಿದ್ದರು. ಸಾಲಿನಲ್ಲಿ ಅವನ ಜಾಗವನ್ನು ಒಂದು ವರ್ಷ ಖಾಲಿ ಬಿಡುತ್ತಿದ್ದರು.

ಕಾಲ್ ಸೆಂಟರಿನಲ್ಲಿ ಕೆಲಸ ಮಾಡುವ ಸಾಯಿಕುಮಾರನಿಗೆ ಇದು ಮೊದಲ ರೇಸು. ಮೊದಲು ತಾನೂ ಬೈಕ್ ಓಡಿಸುತ್ತಿದ್ದು ಈಗ ರೇಸು ನಡೆಸುವ ವೀರಭದ್ರಪ್ಪ ತನ್ನ ಕೈಗವಸನ್ನೇ ಬಿಚ್ಚಿ ಅವನಿಗೆ ತೊಡಿಸಿದ. ಮಗ ಹೋದಂದಿನಿಂದ ಶಂಕ್ರಮ್ಮನ ಮನೆಗೆ ಅಕ್ಕಿ ಮುಟ್ಟಿಸುತ್ತಿದ್ದವನೂ ಅವನೇ. ಆ ಜಾಗ ಬೇಡವೆಂದು ಅವನೂ ಹೇಳಿದ. ಹೇಳುವಾಗ ಯಾಕೋ ಶಂಕ್ರಮ್ಮನಿಗೆ ಬೆನ್ನು ತಿರುಗಿಸಿದ.

ಸಾಯಿಕುಮಾರ ಬೈಕನ್ನು ಅಲ್ಲಿಯೇ ನಿಲ್ಲಿಸಿದ.

ಶಿಳ್ಳೆ ಬಿತ್ತು. ಹನ್ನೊಂದು ಇಂಜಿನ್‌ಗಳು ಒಟ್ಟಿಗೆ ಒದರಿದವು. ಮೊದಲ ತಿರುವಿನಲ್ಲಿ ಪೆಟ್ರೋಲಿನ ಘಾಟಿನೊಳಗಿಂದ ಸುಟ್ಟ ಕೂದಲಿನ ವಾಸನೆ ಎದ್ದಿತು. ಎಳೆ ಬಿಸಿಲು ಕಪ್ಪಿಟ್ಟಿತು. ಸಾಯಿಕುಮಾರನ ಬಲಗೈಯ ಮೇಲೆ ಇನ್ನೊಂದು ಕೈ ಬಂದು ಕೂತಿತು. ಕಾಣದ ಕೈ. ಹಿಮದಂಥ ಕೈ. ಎಕ್ಸಿಲರೇಟರ್ ತಿರುವಿತು. ಅವನು ಬ್ರೇಕ್ ತುಳಿದ. ಕಾಲಡಿ ಅದು ಮಾಂಸದಂತೆ ಮೆತ್ತಗಿತ್ತು.

ಗೆರೆ ದಾಟಿದ. ಬೈಕು ನಿಲ್ಲಲಿಲ್ಲ. ಗೆರೆಯ ಪಕ್ಕ ನಿಂತಿದ್ದ ವೀರಭದ್ರಪ್ಪನತ್ತ ಹೊರಳಿತು. ಅವನು ಓಡಿದ. ಎಡಕ್ಕೆ. ಬಲಕ್ಕೆ. ಬೈಕೂ ಓಡಿತು. ಮುಂದೆ ಬಂಡೆ. ಎಲುಬು ಮುರಿದ ಸದ್ದು. ಚಕ್ರ ಅವನ ಎದೆಯ ಮೇಲೆ ತಿರುಗುತ್ತಲೇ ಇತ್ತು. ಅಂಗಿ ಹರಿಯಿತು. ಚರ್ಮ ಹರಿಯಿತು. ಬಿಸಿ ರಕ್ತ ಸಾಯಿಕುಮಾರನ ಬಾಯಿಗೆ ಸಿಡಿಯಿತು.

ಹುಡುಗರು ಬೈಕನ್ನು ಹಿಂದಕ್ಕೆಳೆದು ಇಂಜಿನ್ ಆರಿಸಿದರು. ಶಂಕ್ರಮ್ಮ ಓಡಿ ಬಂದು ವೀರಭದ್ರಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನಾನ ಒದ್ದಾಂವ, ಅವ್ವಾ," ಎಂದ ಅವನು. "ಗೆಲ್ಲೂ ಹುಕಿಯೊಳಗ."

"ಮೊದಲ ಹೇಳಿದ್ರ ಮಾಟಾ ತೆಗೆಸ್ತಿದ್ದೆನಲ್ಲೋ."

ಅಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಸಾಯಿಕುಮಾರನನ್ನು ನೆಲಕ್ಕೆ ಕೂರಿಸಿದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಅವನ ಬಲ ಮುಂಗೈ ಮಾತ್ರ ಎಕ್ಸಿಲರೇಟರ್ ತಿರುವುವಂತೆ ಗಾಳಿಯಲ್ಲಿ ತಿರುಗುತ್ತಿತ್ತು. ಎಡಗೈಯಿಂದ ಹಿಡಿದ. ಇಬ್ಬರು ಹಿಡಿದರು. ನಿಲ್ಲಲಿಲ್ಲ. ಶಂಕ್ರಮ್ಮ ಬಂದು ಆ ಕೈಯನ್ನು ತನ್ನ ಎರಡೂ ಅಂಗೈಗಳಲ್ಲಿ ಮೆಲ್ಲಗೆ ಮುಚ್ಚಿಕೊಂಡಳು.

"ಆತಲ್ಲೋ ಕಾಶಿ," ಎಂದಳು. "ಇದು ಬ್ಯಾರೆಯವರ ಕೂಸು. ಬಿಡಪ್ಪಾ."

ಕೈ ಇನ್ನೂ ಒಂದು ಸುತ್ತು ತಿರುಗಿತು. ಮಣಿಕಟ್ಟು ಲಟಕ್ಕೆಂದಿತು.