ಮನೆಯ ಹೆಸರಿನ ಮಿಕ್ಸಿ

“ಯಾರೇ ಕೇಳಿದ್ರೂ ಈಳಿಗೆಮಣೆ ತಗುಲಿತು ಅಂತ ಹೇಳ್ಬುಡು. ಮಿಕ್ಸಿ ಅನ್ನೋ ಮಾತು ನಿನ್ನ ಬಾಯಲ್ಲಿ ಬರಬಾರದು ಕಣಮ್ಮ.”

ಮಗಳ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದ ಪ್ರೇಮಲೀಲಾ ತಗ್ಗಿದ ದನಿಯಲ್ಲಿ ಹೇಳಿದರು. ಆಸ್ಪತ್ರೆಯಿಂದ ನೇರ ಜಯಲಕ್ಷ್ಮಿಪುರಂನ ತವರಿಗೆ ಬಂದಿದ್ದ ವಾಣಿ ಬ್ಯಾಂಡೇಜು ಸುತ್ತಿದ ಬಲಗೈಯನ್ನೇ ನೋಡುತ್ತಿದ್ದಳು. ತೋರುಬೆರಳಿನ ತುದಿ ಹೋಗಿತ್ತು. ದೀಪಾವಳಿಗೆ ಅಣ್ಣ ಕೊಟ್ಟ ಹೊಸ ಮಿಕ್ಸಿಯಲ್ಲಿ ಚಟ್ನಿ ರುಬ್ಬುವಾಗ ಮುಚ್ಚಳ ತೆಗೆದು, ಅಂಚಿಗಂಟಿದ್ದ ಕಾಯಿತುರಿಯನ್ನು ಒಳಕ್ಕೆ ತಳ್ಳಿದ್ದಳು. ಮುಚ್ಚಳವಿಲ್ಲದೆ ತಿರುಗಬಾರದಿದ್ದ ಬ್ಲೇಡು ತಿರುಗಿಬಿಟ್ಟಿತ್ತು...

ಆ ಮಿಕ್ಸಿಯ ಮೇಲೆ ಪ್ರೇಮಲೀಲಾ ಅವರ ಹೆಸರೇ ಇತ್ತು. ಗಂಡ ಮಹದೇವಪ್ಪ ಹೂಟಗಳ್ಳಿಯ ಶೆಡ್ಡಿನಲ್ಲಿ ತಾವೇ ಜೋಡಿಸಿದ ಮೊದಲ ಮಿಕ್ಸಿಗೆ ಹೆಂಡತಿಯ ಹೆಸರಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮಗ ಮಹದೇವಪ್ರಸಾದ್ ದೊಡ್ಡ ಕಂಪನಿಗಳ ಬೆಲೆಗೆ ಸರಿಗಟ್ಟಲಾರದೆ, ಏಜೆಂಟನೊಬ್ಬನ ಮೂಲಕ ಚೀನಾದಲ್ಲಿ ಅದೇ ಹೆಸರಿನ ಮಾಲು ಮಾಡಿಸತೊಡಗಿದ. ಮೊದಲು ಬಂದ ಸ್ಯಾಂಪಲ್ಲುಗಳು ಚೆನ್ನಾಗಿದ್ದವು. ದೀಪಾವಳಿಗೆ ಬಂದ ಮಾಲನ್ನು ಬಿಚ್ಚಿ ನೋಡಿಯೇ ಅಂಗಡಿಗಳಿಗೆ ಕಳಿಸೋಣವೆಂದು ಅವನ ಹೆಂಡತಿ ಲಾಸ್ಯ ಬೇಡಿಕೊಂಡಿದ್ದಳು. ನಿನ್ನೆ ಮೊನ್ನೆ ಬಂದವಳು ನನ್ನ ಮಗನಿಗೆ ವ್ಯಾಪಾರ ಕಲಿಸುವುದು ಬೇಡ ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿದ್ದರು. ಹಬ್ಬ ತಪ್ಪಿದರೆ ಮಾಲು ಉಳಿಯುತ್ತದೆಂಬ ಭಯದಲ್ಲಿ ಪ್ರಸಾದ್ ತಾಯಿಯ ಮಾತಿಗೇ ತಲೆಯಾಡಿಸಿದ್ದ.

ಈಗ ಅವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಏಜೆಂಟ್ ಫೋನ್ ಎತ್ತುತ್ತಿರಲಿಲ್ಲ. ಕೊಂಡವರಿಗೆಲ್ಲ ಇವತ್ತೇ ತಿಳಿಸೋಣ, ವಾರಂಟಿಗೆ ಕೊಟ್ಟ ನಂಬರುಗಳಿವೆಯಲ್ಲ ಎಂದು ಲಾಸ್ಯ ಮತ್ತೆ ಮತ್ತೆ ಹೇಳಿದಳು. ಕೊನೆಗೆ ಪ್ರೇಮಲೀಲಾ ರೇಗಿದರು.

“ನಮ್ಮ ಮನೆ ಮುಳುಗಿಸೋಕೇ ಬಂದಿದ್ದೀಯಾ? ಯಜಮಾನರು ಕಟ್ಟಿದ ಹೆಸರು... ಅದೊಂದೇ ನನಗೆ ಉಳಿದಿರೋದು.”

ಲಾಸ್ಯಳ ಕಣ್ಣು ತುಂಬಿತು. ಅವಳು ಒಳಗೆ ಹೋಗಲು ತಿರುಗಿದಾಗ ವಾಣಿ ಎಡಗೈಯಿಂದ ಅತ್ತಿಗೆಯ ಸೆರಗು ಹಿಡಿದು ನಿಲ್ಲಿಸಿದಳು.

“ಅಮ್ಮಾ, ಇನ್ನೊಬ್ಬರ ಮನೆ ಮಗಳಿಗೂ ಈಳಿಗೆಮಣೆ ತಗುಲಿತು ಅಂತಾನೇ ಹೇಳಿಸ್ತೀಯಾ?”

ಪ್ರೇಮಲೀಲಾ ಎದ್ದು ಅಡುಗೆಮನೆಗೆ ಹೋದರು, ಹಿತ್ತಲಿಗೆ ಹೋದರು, ದೇವರ ಮುಂದೆ ನಿಂತು, ಕೈ ಮುಗಿಯಲಾರದೆ ಹಿಂದಿರುಗಿದರು. ಮಗಳ ಬ್ಯಾಂಡೇಜಿನ ಮೇಲೆ ಮೂಡುತ್ತಿದ್ದ ಕೆಂಪು ಕಲೆಯನ್ನು ನೋಡಿದರು. ಸೊಸೆಯ ಮುಂದೆ ಕೈ ಚಾಚಿದರು.

“ಫೋನ್ ಕೊಡಮ್ಮ... ನಾನೇ ಹೇಳ್ತೀನಿ.”

ಲಾಸ್ಯ ಮಿಕ್ಸಿ ಕೊಂಡವರ ಪಟ್ಟಿಯ ಮೊದಲ ನಂಬರು ಒತ್ತಿ ಕೊಟ್ಟಳು. ಪ್ರಸಾದ್ ಅಂಗಡಿಗಳಿಂದ ಮಾಲು ವಾಪಸು ತರಲು ಹೊರಟುನಿಂತ. ಇನ್ನು ಆ ಶೆಡ್ಡು ತೆರೆಯುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ.

“ನಾನು ಪ್ರೇಮಲೀಲಾ ಅಂತ. ನೀವು ನಮ್ಮ ಮಿಕ್ಸಿ ತಗೊಂಡಿದ್ದೀರಿ... ದಯವಿಟ್ಟು ಅದನ್ನ ಮುಟ್ಟಬೇಡಿ. ಅಂಥದ್ದರಲ್ಲೇ ನನ್ನ ಮಗಳ ಬೆರಳು ಹೋಯ್ತು...”

ಆ ಕಡೆಯ ಹೆಂಗಸು ಬೈಯಲಿಲ್ಲ. ಮಗಳು ಈಗ ಹೇಗಿದ್ದಾಳೆಂದು ಕೇಳಿದಳು. ಪ್ರೇಮಲೀಲಾ ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದರು. ವಾಣಿ ಮೆಲ್ಲನೆ ಅವರ ಕೈಯಿಂದ ಫೋನ್ ತೆಗೆದುಕೊಂಡಳು.

“ನಾನೇ ಅವರ ಮಗಳು ಕಣ್ರೀ. ಪರವಾಗಿಲ್ಲ, ಚೆನ್ನಾಗಿದ್ದೀನಿ. ನೀವು ಮೊದಲು ಹೋಗಿ ಅದರ ಪ್ಲಗ್ ಕಿತ್ತುಬಿಡಿ. ನಾನು ಫೋನ್ ಹಿಡಿದುಕೊಂಡೇ ಇರ್ತೀನಿ.”